ಅಕ್ಕಾರ ಸಿಟ್ಟನ್ನು ಕರುಣೆ ಎನ್ನಬೇಡಿ

ಹೋದ ತಿಂಗಳು ಕಂಪ್ಲಿಯ ಒಂದು ಕಲ್ಯಾಣ ಮಂಟಪದಲ್ಲಿ ಅಕ್ಕಾರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ವೇದಿಕೆಯ ಮೇಲೆ ಅವರ ದೊಡ್ಡ ಫೋಟೋ, ಅದಕ್ಕೊಂದು ಮಲ್ಲಿಗೆ ಹಾರ. ಒಬ್ಬರಾದ ಮೇಲೆ ಒಬ್ಬರು ಎದ್ದು ಅವರನ್ನು ಕರುಣಾಮಯಿ ಎಂದರು, ಬಡ ರೋಗಿಗಳ ತಾಯಿ ಎಂದರು, ಶತ್ರುವನ್ನೂ ಕ್ಷಮಿಸಿದ ದೊಡ್ಡ ಮನಸ್ಸು ಎಂದರು. ಕೊನೆಗೆ ಎದ್ದವರು ಆರೋಗ್ಯ ಇಲಾಖೆಯ ಒಬ್ಬ ನಿವೃತ್ತ ಅಧಿಕಾರಿ. ಕಣ್ಣೊರೆಸಿಕೊಂಡು, ‘ಗುರುವಾರದ ಸಕ್ಕರೆ ಕ್ಲಿನಿಕ್ಕು ಅಕ್ಕಾರೂ ನಾನೂ ಸೇರಿ ಕಂಡ ಕನಸು’ ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅಕ್ಕಾರ ಮನೆಯ ಮಹಡಿಯಲ್ಲಿ ವರ್ಷಾನುಗಟ್ಟಲೆ ಬಾಡಿಗೆಗಿದ್ದವನು ನಾನು. ಈ ಅಧಿಕಾರಿಯ ಬಾಗಿಲಲ್ಲಿ ಅಕ್ಕಾರು ಎಷ್ಟು ದಿನ ಕೂತಿದ್ದರು, ಒಳಗಿನಿಂದ ಅವರಿಗೆ ಏನೇನು ಮಾತು ಬಂದಿತ್ತು ಎಂಬುದು ನನಗೆ ಗೊತ್ತಿತ್ತು. ಮಾತಾಡಲು ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೆ ಸಭೆ ಕೆಡುತ್ತಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಕ್ಕಾರು ಕರುಣಾಮಯಿ ಆಗಿರಲಿಲ್ಲ. ಯಾರನ್ನೂ ಕ್ಷಮಿಸಿರಲಿಲ್ಲ. ಅವರು ಮಾಡಿದ್ದನ್ನೆಲ್ಲ ಸಿಟ್ಟಿನಿಂದ ಮಾಡಿದರು, ಆ ಸಿಟ್ಟಿಗೆ ಸಿಗಬೇಕಾದ ಮರ್ಯಾದೆಯನ್ನು ಕರುಣೆಗೆ ಕೊಟ್ಟುಬಿಟ್ಟರೆ ಅದು ಅನ್ಯಾಯ.

ನಾನು ಅರ್ಥಶಾಸ್ತ್ರದ ಉಪನ್ಯಾಸಕನಾಗಿ ಕಂಪ್ಲಿಗೆ ಹೋದಾಗ ಮನೆ ಹುಡುಕಿಕೊಟ್ಟವರೇ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: ಮನೆ ಚೆನ್ನಾಗಿದೆ, ಮನೆಯೊಡತಿ ಹುಷಾರು. ರೈಸ್ ಮಿಲ್ಲಿನ ಕುಟುಂಬ, ತಲೆಮಾರುಗಳಿಂದ ಅಲ್ಲೇ ನೆಲೆ ನಿಂತವರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಕ್ಕಾರು ಅಂಗಳಕ್ಕೆ ಬಂದರೆಂದರೆ ಮಿಲ್ಲಿನ ಹಮಾಲರು ಬೀಡಿ ಆರಿಸುತ್ತಿದ್ದರು. ಜಗಳಕ್ಕೆ ಮುಂಚೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಸೆರಗು ಸಿಕ್ಕಿಸಿದ ಮೇಲೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

ನಾನು ಬಂದ ಹೊಸತರಲ್ಲಿ ಮಹಡಿಯ ನಲ್ಲಿ ಸರಿಯಾಗಿ ತಿರುಗಿಸದೆ ಕಾಲೇಜಿಗೆ ಹೋಗಿದ್ದೆ. ಅಕ್ಕಾರು ಒಂದು ಮಾತೂ ಆಡಲಿಲ್ಲ. ಕೆಳಗಿನ ವಾಲ್ವ್ ಬಂದ್ ಮಾಡಿದರು. ಎರಡು ದಿನ ನಾನು ಕೊಡಪಾನ ಹೊತ್ತು ಮೆಟ್ಟಿಲು ಹತ್ತಿದೆ. ಮೂರನೆಯ ದಿನ ನೀರು ಬಂತು, ಜೊತೆಗೆ ಒಂದು ಡಬ್ಬಿ ಶೇಂಗಾ ಚಟ್ನಿಯೂ ಬಂತು. ತಮ್ಮ ತಂಗಿಯ ಮದುವೆಯಲ್ಲಿ ಅಪಮಾನ ಮಾಡಿದ್ದ ಒಬ್ಬ ನೆಂಟ ಎಷ್ಟೋ ವರ್ಷದ ಮೇಲೆ ದೇಣಿಗೆ ಕೇಳಲು ಬಂದಾಗ, ಕೂರಿಸಿ, ಕಾಫಿ ಕೊಟ್ಟು, ಆ ಮದುವೆಯ ಊಟದಲ್ಲಿ ಏನೇನು ಬಡಿಸಿದ್ದರು ಎಂದು ಒಂದೊಂದಾಗಿ ನೆನಪಿಸಿ, ಅವನನ್ನು ಬರಿಗೈಯಲ್ಲಿ ಕಳಿಸಿದ್ದರು. ಅಷ್ಟು ಹಳೆಯದನ್ನು ಯಾಕೆ ಹಿಡಿದುಕೊಂಡಿದ್ದೀರಿ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು:

‘ಮರಿಯೋದು ಸೋಮಾರಿ ಕೆಲಸ ಸರ. ನೆಪ್ಪಿಟ್ಕೊಳ್ಳಾಕ ಮೈ ಬಗ್ಗಿಸಬೇಕು.’

ಅವರ ಯಜಮಾನರು ಇದಕ್ಕೆ ತೀರಾ ವಿರುದ್ಧ. ಯಾರು ಏನು ಕೇಳಿದರೂ ಹೂಂ ಎನ್ನುವ ಮನುಷ್ಯ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ಬೆಳಿಗ್ಗೆ ಸಂಜೆ ಇನ್ಸುಲಿನ್. ಚುಚ್ಚುತ್ತಿದ್ದವರು ಅಕ್ಕಾರೇ. ಮಿಲ್ಲು ನಡೆಸುವ ಆ ಭಾರೀ ಆಳು ಸೂಜಿ ಕಂಡರೆ ಮಕ್ಕಳ ಹಾಗೆ ಮುಖ ತಿರುಗಿಸಿ ಅಂಗಳದ ಬೇವಿನ ಮರ ನೋಡುತ್ತ ಕೂರುತ್ತಿದ್ದರು. ನಾನು ಮೆಟ್ಟಿಲಿಳಿದು ಕಾಲೇಜಿಗೆ ಹೊರಡುವ ಹೊತ್ತಿಗೆ ದಿನಾ ಈ ದೃಶ್ಯ.

ಹೊಸಪೇಟೆಯ ಪುಡಿ ಡಾಕ್ಟರ ಸುದ್ದಿ ಆ ಮನೆಗೆ ಬಂದದ್ದು ಅಂಥ ದಿನಗಳಲ್ಲಿ. ಅವನು ಡಾಕ್ಟರಲ್ಲ. ತುಂಗಭದ್ರಾ ಡ್ಯಾಂ ಕಡೆ ಹೋಗುವ ರಸ್ತೆಯಲ್ಲಿ ಒಂದು ಕಟ್ಟಡ ಹಿಡಿದು ಭಾನುವಾರ ಭಾನುವಾರ ಸಕ್ಕರೆ ಕಾಯಿಲೆಗೆ ಪುಡಿ ಕೊಡುತ್ತಿದ್ದ. ಬಿಳಿ ಜುಬ್ಬಾ, ಮೆತ್ತಗಿನ ಮಾತು, ವೇದಿಕೆ ಹತ್ತಿದರೆ ದೇಶದ ಆರೋಗ್ಯದ ಬಗ್ಗೆ ಭಾಷಣ. ಅವನದೊಂದೇ ಕರಾರು: ಪುಡಿ ತಗೊಳ್ಳುವವರು ಬೇರೆ ಔಷಧಿಯನ್ನೆಲ್ಲ ಅವತ್ತೇ ಬಿಡಬೇಕು. ಬಾಗಿಲಲ್ಲಿ ಒಂದು ಡ್ರಮ್ಮು ಇಟ್ಟಿದ್ದ. ಗುಳಿಗೆ, ಇನ್ಸುಲಿನ್ನು, ಸಿರಿಂಜು ಏನಿದ್ದರೂ ತಂದು ಅದರಲ್ಲಿ ಹಾಕಬೇಕು. ಹಾಕಿದವರಿಗೆ ಸುತ್ತ ನಿಂತವರು ಚಪ್ಪಾಳೆ ತಟ್ಟಬೇಕು.

ಯಜಮಾನರು ತಮ್ಮ ಸೂಜಿಗಳನ್ನು ಆ ಡ್ರಮ್ಮಿಗೆ ಹಾಕಿದಾಗ ಅಕ್ಕಾರು ಪಕ್ಕದಲ್ಲೇ ಇದ್ದರು. ತಡೆಯಲಿಲ್ಲ. ಮದುವೆಯಾದಾಗಿನಿಂದ ಗಂಡ ಅಷ್ಟು ನಕ್ಕದ್ದನ್ನು ತಾವು ನೋಡಿರಲಿಲ್ಲ ಎಂದು ಮುಂದೆ ಒಂದು ಸಲ ನನಗೆ ಹೇಳಿದ್ದರು.

ಆಮೇಲಿನದು ಸಕ್ಕರೆ ಕಾಯಿಲೆ ಕಂಡ ಮನೆಗಳಿಗೆಲ್ಲ ಗೊತ್ತಿರುವ ಕಥೆ. ಚಪ್ಪಲಿ ಕಚ್ಚಿ ಬೆರಳಿಗೆ ಗಾಯ. ಗಾಯ ಕಪ್ಪಾಯಿತು. ಬಳ್ಳಾರಿಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಅಷ್ಟರಲ್ಲಿ ಕಿಡ್ನಿ ಕೈಬಿಟ್ಟಿತ್ತು. ಡಾಕ್ಟರು ಮತ್ತೆ ಇನ್ಸುಲಿನ್ ಶುರು ಮಾಡಿದರು, ವಾರಕ್ಕೆರಡು ಸಲ ಡಯಾಲಿಸಿಸ್ ಎಂದರು. ಖರ್ಚು ಎಂದರೆ ಏನು ಎಂದು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದೆ. ಕೆಳಗಿನ ಮನೆಯಲ್ಲಿ ಖರ್ಚಾದದ್ದು ಮಗಳ ಓದು. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ಮನೆಗೆ ಬಂದವಳು ತಿರುಗಿ ಹೋಗಲೇ ಇಲ್ಲ. ಮಿಲ್ಲನ್ನು ಭಾಗದಾರರಿಗೆ ಬಿಟ್ಟುಕೊಟ್ಟರು. ಅಕ್ಕಾರು ಕಾರಿನ ಹಿಂದಿನ ಸೀಟಿನಲ್ಲೇ ಅರ್ಧ ಜೀವನ ಕಳೆದರು. ಇಷ್ಟಾದರೂ ಯಜಮಾನರಿಗೆ ಪುಡಿ ಡಾಕ್ಟರ ಮೇಲಿನ ಭಕ್ತಿ ಹೋಗಲಿಲ್ಲ. ತಾನೇ ಪಥ್ಯ ಸರಿಯಾಗಿ ಮಾಡಲಿಲ್ಲ, ಅದಕ್ಕೇ ಹೀಗಾಯಿತು ಎನ್ನುತ್ತಿದ್ದರು. ಅಕ್ಕಾರಿಗೂ ಆಗ ಆ ಮನುಷ್ಯನ ಮೇಲೆ ಹೇಳಿಕೊಳ್ಳುವಂಥ ಸಿಟ್ಟಿರಲಿಲ್ಲ. ತನ್ನ ಪುಡಿಯನ್ನು ತಾನೇ ನಂಬಿರುವ ಹುಚ್ಚ ಎಂದುಕೊಂಡಿದ್ದರು.

ಹೊಸಪೇಟೆಯಲ್ಲಿ ನೆಂಟರ ಮದುವೆ. ಗಾಲಿಕುರ್ಚಿಯಲ್ಲಿ ಯಜಮಾನರನ್ನೂ ಕರೆದುಕೊಂಡು ಹೋಗಿದ್ದರು. ವಧೂವರರಿಗೆ ಆಶೀರ್ವಾದ ಮಾಡಲು ಪುಡಿ ಡಾಕ್ಟರೂ ಬಂದಿದ್ದ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅಕ್ಕಾರು ತಮ್ಮ ಚೀಲ ತರಲೆಂದು ಬೀಗರ ಕೋಣೆಯ ಬಾಗಿಲು ತಳ್ಳಿದರು. ಒಳಗೆ ಅವನು ಪಕ್ಕದ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಜುಬ್ಬಾ ಎತ್ತಿ ಗಲ್ಲದ ಕೆಳಗೆ ಒತ್ತಿಹಿಡಿದಿದ್ದ. ಎಡಗೈಯಲ್ಲಿ ಹೊಟ್ಟೆಯ ಚರ್ಮ ಎತ್ತಿ ಹಿಡಿದು, ಬಲಗೈಯಲ್ಲಿ ಚುಚ್ಚಿಕೊಂಡು, ಔಷಧಿ ಪೂರ್ತಿ ಇಳಿಯಲೆಂದು ಸ್ವಲ್ಪ ಹೊತ್ತು ಹಾಗೇ ಅಲುಗಾಡದೆ ನಿಂತಿದ್ದ. ಆ ಭಂಗಿಯನ್ನು ಅಕ್ಕಾರಿಗೆ ಯಾರೂ ವಿವರಿಸಬೇಕಿರಲಿಲ್ಲ. ಅದನ್ನು ಅವರು ಬೆಳಿಗ್ಗೆ ಸಂಜೆ ಗಂಡನ ಹೊಟ್ಟೆಯ ಮೇಲೆ ಮಾಡಿದವರು. ಅವನು ಇವರನ್ನು ನೋಡಲಿಲ್ಲ. ಇವರು ಬಾಗಿಲು ಹಾಗೇ ಮುಚ್ಚಿ ಬಂದುಬಿಟ್ಟರು.

ಹೊರಗೆ ಬಂದರೆ ಯಜಮಾನರದು ಒಂದೇ ಹಟ. ಡಾಕ್ಟರು ಬಂದಿದ್ದಾರಂತೆ, ಕಾಲು ಮುಟ್ಟಿ ನಮಸ್ಕಾರ ಮಾಡಬೇಕು, ನನ್ನನ್ನು ಅವರ ಹತ್ತಿರ ಒಯ್ಯಿ. ಅಕ್ಕಾರು ಒಯ್ದರು. ತಾವೇ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿದರು. ಒಂದು ಕಾಲಿಲ್ಲದ ಮನುಷ್ಯ ಬಗ್ಗಿ ಅವನ ಎರಡೂ ಕಾಲು ಮುಟ್ಟಿದ್ದನ್ನು, ಅವನು ತಲೆಯ ಮೇಲೆ ಕೈಯಿಟ್ಟು ‘ಧೈರ್ಯವಾಗಿರಿ’ ಎಂದದ್ದನ್ನು ಕುರ್ಚಿಯ ಹಿಡಿಕೆ ಹಿಡಿದುಕೊಂಡೇ ನೋಡಿದರು. ಕೋಣೆಯಲ್ಲಿ ಕಂಡದ್ದನ್ನು ಗಂಡನಿಗೆ ಕೊನೆಯವರೆಗೂ ಹೇಳಲಿಲ್ಲ. ಆ ಚಳಿಗಾಲದಲ್ಲಿ ಯಜಮಾನರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಡಯಾಲಿಸಿಸ್‌ಗೆ ಒಯ್ಯಬೇಡಿ, ನನ್ನನ್ನು ಬಿಟ್ಟುಬಿಡಿ ಎಂದು ಮಗಳಿಗೂ ಹೆಂಡತಿಗೂ ಕೈ ಮುಗಿಯುತ್ತಿದ್ದರು.

ಯಜಮಾನರ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಅಕ್ಕಾರು ನನ್ನನ್ನು ಕೆಳಗೆ ಕರೆಸಿ ಇದನ್ನೆಲ್ಲ ಹೇಳಿದರು. ಅಳಲಿಲ್ಲ. ಸೆರಗು ಸೊಂಟಕ್ಕೆ ಸೇರಿತ್ತು.

‘ಹುಚ್ಚ ಇದ್ದಿದ್ರ ಬಿಟ್ಟುಬಿಡ್ತಿದ್ದೆ ಸರ. ಅವಗ ಗೊತ್ತಿತ್ತು. ತನಗ ಸೂಜಿ, ನಮ್ಮವರಿಗೆ ಪುಡಿ. ಗೊತ್ತಿದ್ದು ಮಾಡ್ಯಾನ.’

ಆಗ ನಾನು ನನ್ನ ಅವ್ವನ ವಿಷಯ ಹೇಳಿದೆ. ನಮ್ಮೂರು ಪಾಪಿನಾಯಕನಹಳ್ಳಿ. ಅವ್ವ ಅಲ್ಲಿ ಅಣ್ಣನ ಜೊತೆ ಇದ್ದಳು. ಅವಳಿಗೂ ಸಕ್ಕರೆ. ಗುಳಿಗೆಗೆಂದು ಸರ್ಕಾರಿ ಆಸ್ಪತ್ರೆಗೆ ಹೋದಾಗಲೆಲ್ಲ ಇವತ್ತಿಲ್ಲ, ಮುಂದಿನ ವಾರ ಬಾ ಎಂಬ ಉತ್ತರ ಕೇಳಿ ಸಾಕಾಗಿ, ಓಣಿಯ ಹೆಂಗಸರ ಜೊತೆ ಟೆಂಪೋ ಹತ್ತಿ ಪುಡಿ ತಂದಿದ್ದಳು. ಉಳಿದಿದ್ದ ಗುಳಿಗೆಗಳನ್ನು ಆ ಡ್ರಮ್ಮಿಗೆ ಹಾಕಿ ಬಂದಿದ್ದಳು. ಮೊದಲು ಒಂದು ಕಣ್ಣು ಮಂಜಾಯಿತು, ಆಮೇಲೆ ಇನ್ನೊಂದು. ಕಣ್ಣಿನ ಒಳಪರದೆಯಿಂದ ರಕ್ತ ಒಸರಿದೆ, ಇನ್ನು ದೃಷ್ಟಿ ತಿರುಗಿ ಬರುವುದು ಕಷ್ಟ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅಕ್ಕಾರು ಪೂರ್ತಿ ಕೇಳಿದರು. ಸಮಾಧಾನದ ಒಂದು ಮಾತಾದರೂ ಬಂದೀತು ಎಂದುಕೊಂಡಿದ್ದೆ.

‘ಹಂಗಾರ ಇದರಾಗ ನಿಮ್ಮದೂ ಒಂದು ಪಾಲು ಐತಿ,’ ಎಂದರು.

ಮುಂದಿನ ಭಾನುವಾರದಿಂದ ಅಕ್ಕಾರು ಬಸ್ಸು ಹತ್ತಿ ಹೊಸಪೇಟೆಗೆ ಹೋಗಲು ಶುರು ಮಾಡಿದರು. ಪುಡಿಗೆ ನಿಂತವರ ಸಾಲಿನಲ್ಲಿ ತಾವೂ ನಿಂತು, ಮುಂದಿನವರಿಗೆ ಹಿಂದಿನವರಿಗೆ ಗಂಡನ ಕಥೆ ಹೇಳುವುದು. ಅವನ ಕಡೆಯವರು ಹೊರಗೆ ಕಳಿಸಿದರೆ ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ಕೂತು ಹೇಳುವುದು. ಕೋಣೆಯಲ್ಲಿ ಕಂಡದ್ದನ್ನೂ ಹೇಳಿದರು. ಯಾರೂ ನಂಬಲಿಲ್ಲ. ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಎಂದು ಹಣ್ಣು ಹಂಪಲು ಕೊಟ್ಟು ಸಮಾಧಾನ ಹೇಳಿದವರೂ ಇದ್ದರು. ಅದರಿಂದ ಅಕ್ಕಾರಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು. ಔಷಧಿ ನಿಯಂತ್ರಣದವರಿಗೆ ದೂರು ಕೊಟ್ಟೆವು. ಬಂದು ಪುಡಿಯ ಮಾದರಿ ತಗೊಂಡು ಹೋದರು. ಆ ಮಾದರಿ ಎಲ್ಲಿಗೆ ಹೋಯಿತು, ಏನಾಯಿತು ಎಂಬುದು ಇವತ್ತಿಗೂ ಗೊತ್ತಿಲ್ಲ.

ಒಂದು ಭಾನುವಾರ ನಾನೂ ಜೊತೆಗಿದ್ದೆ. ನಮ್ಮೂರಿನ ಕಡೆಯದೇ ಒಬ್ಬ ಹೆಂಗಸು, ಕೂಲಿ ಮಾಡುವವಳು, ಅಕ್ಕಾರ ಮಾತನ್ನು ಕೊನೆಯವರೆಗೂ ಕೇಳಿದಳು. ಆಮೇಲೆ ಕೇಳಿದಳು:

‘ನೀವು ಹೇಳೋದು ಖರೇ ಇರಬೌದು ಅಕ್ಕಾರ. ಇಲ್ಲಿಗೆ ಬರೂದು ಬ್ಯಾಡ. ಮತ್ತ ಎಲ್ಲಿಗೆ ಹೋಗೂದು ಹೇಳ್ರಿ?’

ಅಕ್ಕಾರು ಮುಂದಿನ ಬಸ್ಸಿಗೇ ಕಂಪ್ಲಿಗೆ ಹೊರಟರು. ಮನೆ ಮುಟ್ಟಿದ ಮೇಲೆ ಹೇಳಿದರು, ಅವನ ಬಾಗಿಲು ಮುಚ್ಚಬೇಕಾದರೆ ಬೇರೆ ಕಡೆ ಒಂದು ಬಾಗಿಲು ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದು. ಶ್ರದ್ಧಾಂಜಲಿ ಸಭೆಯಲ್ಲಿ ಕನಸು ಎಂದು ಕರೆಸಿಕೊಂಡದ್ದು ಹುಟ್ಟಿದ್ದು ಹೀಗೆ. ಜನಸೇವೆ ಎಂಬ ಮಾತು ಅವತ್ತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಮುಂದೆಯೂ ಯಾರಾದರೂ ಆ ಮಾತಾಡಿದರೆ ಅಕ್ಕಾರು ಮುಖ ಸಿಂಡರಿಸುತ್ತಿದ್ದರು.

ಆ ದಿನಗಳಲ್ಲೇ ಸುತ್ತಲ ಹಳ್ಳಿಯೊಂದರ ಶಾಲೆಯ ಬಯಲಿನಲ್ಲಿ ತಪಾಸಣಾ ಶಿಬಿರ ನಡೆಯಿತು. ಶಾಮಿಯಾನ, ಬಲೂನು, ಮೈಕು. ಬಿ.ಪಿ., ಸಕ್ಕರೆ ಇವೂ ಈಗ ದೇಶದ ಆದ್ಯತೆಯ ಕಾಯಿಲೆಗಳು ಎಂದು ಅಧಿಕಾರಿ ಭಾಷಣ ಮಾಡಿದರು. ಶ್ರದ್ಧಾಂಜಲಿ ಸಭೆಯಲ್ಲಿ ಕಣ್ಣೊರೆಸಿಕೊಂಡವರು ಅವರೇ. ಜನ ಸಾಲು ನಿಂತು ಬೆರಳು ಚುಚ್ಚಿಸಿಕೊಂಡರು. ಪ್ರತಿಯೊಬ್ಬರ ಕೈಗೂ ಸಕ್ಕರೆ ಎಷ್ಟಿದೆ ಎಂದು ಬರೆದ ಚೀಟಿ ಬಂತು. ಗುಳಿಗೆ ಬರಲಿಲ್ಲ. ಅಕ್ಕಾರು ಎದ್ದು ಕೇಳಿದರು. ಸದ್ಯಕ್ಕೆ ಪತ್ತೆ ಹಚ್ಚುವುದು ನಮ್ಮ ಆದ್ಯತೆ, ಔಷಧಿ ಹಂತ ಹಂತವಾಗಿ ಬರುತ್ತದೆ ಎಂದರು ಅಧಿಕಾರಿ.

‘ನಮಗ ಪತ್ತೆ ಹತ್ತೇತ್ರಿ ಸಾಹೇಬ್ರ. ನಿಮಗ ಹತ್ತಬೇಕು,’ ಎಂದು ಅಕ್ಕಾರು ಕೂತರು.

ವಾಪಸು ಬರುವಾಗ ಆದ್ಯತೆ ಎಂದರೇನು ಎಂದು ನನ್ನನ್ನು ಕೇಳಿದರು. ನನ್ನ ವಿಷಯವೇ ಅದು. ಇರುವುದು ಕಡಿಮೆ, ಬೇಕಾದವರು ಹೆಚ್ಚು, ಯಾವುದಕ್ಕೆ ಮೊದಲು ಕೊಡಬೇಕು ಎಂದು ನಿರ್ಧರಿಸುವುದೇ ಆದ್ಯತೆ ಎಂದೆ. ದೊಡ್ಡ ದೇಶ, ಹೆರಿಗೆಯಿದೆ, ಕ್ಷಯವಿದೆ, ಮಳೆಗಾಲದ ಜ್ವರಗಳಿವೆ, ಸಕ್ಕರೆಯಂಥ ನಿಧಾನದ ಕಾಯಿಲೆ ಎಷ್ಟೋ ಕಾಲ ಹಿಂದಿನ ಸಾಲಿನಲ್ಲೇ ಕೂತಿತ್ತು ಎಂದೆಲ್ಲ ವಿವರಿಸಿದೆ. ಅಕ್ಕಾರು ಗಮನವಿಟ್ಟು ಕೇಳಿದರು.

‘ಅಂದ್ರ ಯಾರು ಸತ್ರ ನಡೀತೈತಿ ಅಂತ ಕುಂತು ಬರಿಯೋದು,’ ಎಂದರು.

ನಾನು ಎಷ್ಟು ವರ್ಷ ಪಾಠ ಮಾಡಿದರೂ ಆ ಪದಕ್ಕೆ ಅದಕ್ಕಿಂತ ಒಳ್ಳೆಯ ಅರ್ಥ ನನಗೆ ಹೊಳೆದಿಲ್ಲ.

ಮಿಲ್ಲಿನ ಮುಂದುಗಡೆ ಭತ್ತ ತೂಗುತ್ತಿದ್ದ ದೊಡ್ಡ ಕೋಣೆಯೊಂದು ಭಾಗದಾರರಿಗೆ ಹೋಗದೆ ಅಕ್ಕಾರ ಪಾಲಿಗೇ ಉಳಿದು ಖಾಲಿ ಬಿದ್ದಿತ್ತು. ಅದಕ್ಕೆ ಸುಣ್ಣ ಬಳಿಸಿ, ಫ್ಯಾನು ಹಾಕಿಸಿ, ಒಂದು ಫ್ರಿಜ್ಜು ಇಡಿಸಿದರು. ವಾರಕ್ಕೊಂದು ದಿನ ಇಲಾಖೆಯ ಡಾಕ್ಟರು, ನರ್ಸು ಅಲ್ಲಿಗೆ ಬರಬೇಕು, ಗುಳಿಗೆ ಇನ್ಸುಲಿನ್ ಎರಡೂ ಪುಕ್ಕಟೆ ಸಿಗಬೇಕು, ಒಂದು ವಾರವೂ ತಪ್ಪಬಾರದು. ಇದು ಅವರ ಬೇಡಿಕೆ. ಅಧಿಕಾರಿ ಒಪ್ಪಲಿಲ್ಲ. ಅಕ್ಕಾರು ಅವರ ಕಚೇರಿಯ ಬಾಗಿಲಲ್ಲಿ ಕೂತರು. ಘೋಷಣೆಯಿಲ್ಲ, ಫಲಕವಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಹೊಸ್ತಿಲ ಪಕ್ಕ ಕೂರುವುದು, ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಊಟ ಮಾಡುವುದು, ಸಂಜೆ ಬಸ್ಸಿಗೆ ಬರುವುದು. ಈ ಮುದುಕಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದು ಅಧಿಕಾರಿ ಒಳಗಿನಿಂದ ಜೋರಾಗಿ ಕೇಳಿಸುವಂತೆ ಅಂದದ್ದನ್ನು ನಾನು ಅಲ್ಲಿದ್ದ ದಿನವೇ ಕೇಳಿದ್ದೇನೆ. ದೊಡ್ಡ ಮನೆತನದ ಹೆಂಗಸು ಹೀಗೆ ಬಾಗಿಲಲ್ಲಿ ಕೂರುವುದನ್ನು ಊರಿನ ಬೇರೆ ಮಿಲ್ಲುಗಳ ಮಾಲೀಕರು ನೋಡಿ ನಾಚಿಕೊಂಡರು. ಅವರ ಮಾತು ಮೇಲಿನವರಿಗೆ ಮುಟ್ಟಿತು, ಮೇಲಿನವರ ಮಾತು ಅಧಿಕಾರಿಗೆ ಮುಟ್ಟಿತು. ಯಾರನ್ನೂ ಬೇಡದ ಅಕ್ಕಾರು ತಮ್ಮ ಜಾತಿ, ನೆಂಟಸ್ತಿಕೆ, ಹಣ ಎಲ್ಲವನ್ನೂ ಆ ಒಂದು ಕೋಣೆಗಾಗಿ ಖರ್ಚು ಮಾಡಿದರು.

ಗುರುವಾರದ ಕ್ಲಿನಿಕ್ಕು ಶುರುವಾಯಿತು. ಬಾಗಿಲ ಪಕ್ಕ ಅಕ್ಕಾರ ಕುರ್ಚಿ. ನರ್ಸು ತಡವಾಗಿ ಬಂದರೆ, ಗುಳಿಗೆ ಕಡಿಮೆ ಬಂದರೆ ಅಲ್ಲೇ ವಿಚಾರಣೆ. ಮೊದಲು ಬೆರಳೆಣಿಕೆಯ ಜನ ಬಂದರು. ಆಮೇಲೆ ಹತ್ತಿರದ ವಲಸೆ ರೈತರ ಕ್ಯಾಂಪುಗಳಿಂದ, ಹೊಳೆಯಾಚೆಯಿಂದ, ಪಾಪಿನಾಯಕನಹಳ್ಳಿಯಿಂದಲೂ ಬರತೊಡಗಿದರು. ಎಲ್ಲಿಗೆ ಹೋಗೂದು ಎಂದು ಕೇಳಿದ್ದ ಆ ಹೆಂಗಸೂ ಬಂದಳು. ಪುಡಿ ಬಿಟ್ಟು ಗುಳಿಗೆ ಹಿಡಿದವರಲ್ಲಿ ಸಕ್ಕರೆ ಇಳಿದದ್ದು ಕಣ್ಣಿಗೆ ಕಂಡಿತು. ಹೊಸಪೇಟೆಯಿಂದ ಬಂದವರನ್ನೆಲ್ಲ ಅಕ್ಕಾರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಹೋದ ಭಾನುವಾರ ಅಲ್ಲಿ ಎಷ್ಟು ಜನ ಇದ್ದರು? ಜನ ಕಡಿಮೆಯಾದ ಸುದ್ದಿ ಬಂದ ದಿನ ಕ್ಲಿನಿಕ್ಕಿನವರಿಗೆಲ್ಲ ತಿಂಡಿಗೆಂದು ಮಂಡಾಳು ಒಗ್ಗರಣೆ, ಮಿರ್ಚಿ ತರಿಸುತ್ತಿದ್ದರು. ರೋಗಿಗಳು ಚೇತರಿಸಿಕೊಂಡ ಖುಷಿಗೆ ಎಂದು ಡಾಕ್ಟರು ತಿಳಿದಿದ್ದರು.

ಎರಡು ಮೂರು ವರ್ಷದಲ್ಲಿ ಪುಡಿ ಡಾಕ್ಟರ ಅಂಗಡಿ ಮುಚ್ಚಿತು. ಪೊಲೀಸರು ಬರಲಿಲ್ಲ, ಕೋರ್ಟು ಕರೆಯಲಿಲ್ಲ. ಜನ ಬರುವುದು ನಿಂತಿತು, ಅಷ್ಟೇ. ಇದ್ದ ಆಸ್ತಿಗೆ ಮಕ್ಕಳು ಕಿತ್ತಾಡಿ ಹಂಚಿಕೊಂಡು ಅವನನ್ನು ಹೊರಗೆ ಹಾಕಿದರು ಎಂದು ಸುದ್ದಿ ಬಂತು. ಅಕ್ಕಾರು ಅವತ್ತು ತಿಂಡಿ ತರಿಸಲಿಲ್ಲ. ಮಕ್ಕಳು ಹೊರಗೆ ಹಾಕಿದ್ದು ತಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದರು.

ಆಮೇಲೆ ಒಂದು ಗುರುವಾರ ಅವನೇ ಬಂದ.

ಕಂಪ್ಲಿಯಲ್ಲಿ ಅವನ ತಂಗಿಯ ಮನೆಯಿತ್ತು, ಅಲ್ಲಿ ಬಂದು ಸೇರಿಕೊಂಡಿದ್ದ. ಜುಬ್ಬಾ ಇರಲಿಲ್ಲ. ಮಾಸಿದ ಅಂಗಿ, ತಲೆಯ ಮೇಲೆ ಟವೆಲು. ಸಾಲಿನ ಕೊನೆಯಲ್ಲಿ ಕೂತಿದ್ದ. ನರ್ಸು ಸಂಡೂರಿನ ಕಡೆಯ ಹುಡುಗಿ, ಅವಳಿಗೆ ಗುರುತಿಲ್ಲ. ಉಳಿದವರಿಗೆ ಗುರುತು ಸಿಕ್ಕಿತು. ಅವನ ಪುಡಿ ತಿಂದು ಪಾದ ಕಳೆದುಕೊಂಡಿದ್ದ ಮಿಲ್ಲಿನ ಒಬ್ಬ ಹಮಾಲ ಊರುಗೋಲು ಎತ್ತಿಕೊಂಡು ಎದ್ದ.

‘ಕುಂದ್ರೋ. ಇದು ನನ್ನ ಮನಿ,’ ಎಂದರು ಅಕ್ಕಾರು.

ಅವನ ಸರದಿ ಬಂತು. ಡಾಕ್ಟರು ಪರೀಕ್ಷೆ ಮಾಡಿ ಇನ್ಸುಲಿನ್ ಬರೆದರು. ನರ್ಸು ಫ್ರಿಜ್ಜಿನಿಂದ ತೆಗೆದುಕೊಟ್ಟಳು. ಅವನು ಚೀಲಕ್ಕೆ ಹಾಕಿಕೊಂಡು ಎದ್ದಾಗ ಅಕ್ಕಾರು ಬಾಗಿಲಿಗೆ ಅಡ್ಡ ನಿಂತಿದ್ದರು. ಸೆರಗು ಸೊಂಟದಲ್ಲಿತ್ತು. ಈ ಹೊತ್ತಿನ ಸೂಜಿ ಇಲ್ಲೇ ತಗೊಂಡು ಹೋಗಿ ಎಂದರು. ಮನೆಯಲ್ಲಿ ತಗೊಳ್ಳುತ್ತೇನೆ ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ.

‘ಇಲ್ಲೇ. ಗ್ವಾಡಿ ಕಡೆ ಅಲ್ಲ, ಇವರ ಕಡೆ ಮುಖಾ ಮಾಡ್ರಿ.’

ಚಹಾದಂಗಡಿಯ ಬೆಂಚಿನಲ್ಲಿ ಕೂತು ತನ್ನ ಸೂಜಿಯ ಕಥೆ ಹೇಳುತ್ತಿದ್ದವರು ಯಾರೆಂದು ಅವನಿಗೆ ಆಗ ಗೊತ್ತಾಯಿತು. ಎಷ್ಟೋ ವರ್ಷದ ಹಿಂದೆ ಮದುವೆಮನೆಯ ಆ ಕೋಣೆಯ ಬಾಗಿಲು ತೆರೆದದ್ದು, ಮುಚ್ಚಿದ್ದು ಅವನ ಮುಖದ ಮೇಲೆ ಕಂಡಿತು. ಹೊರಗೆ ಹೋಗಲು ದಾರಿಯಿರಲಿಲ್ಲ, ಇನ್ಸುಲಿನ್ ಬಿಟ್ಟರೆ ಬದುಕೂ ಇರಲಿಲ್ಲ. ಅಂಗಿ ಎತ್ತಿದ. ಕಾಲು ಹೋದವರು, ಕಣ್ಣು ಹೋದವರನ್ನು ಕೈಹಿಡಿದು ತಂದವರು, ಅವನ ಬಾಗಿಲಲ್ಲಿ ಒಂದು ಕಾಲಕ್ಕೆ ಚಪ್ಪಾಳೆ ತಟ್ಟಿದವರು, ಎಲ್ಲರೂ ನೋಡುತ್ತಿದ್ದರು. ಹೊಟ್ಟೆಗೆ ಚುಚ್ಚಿಕೊಂಡು ತಕ್ಷಣ ತೆಗೆಯಹೋದ.

‘ಹಿಡೀರಿ. ಪೂರ್ತಿ ಇಳಿಲಿ,’ ಎಂದರು ಅಕ್ಕಾರು. ಆಮೇಲೆ ಜನರ ಕಡೆ ತಿರುಗಿ, ‘ನೋಡಿದ್ರಿಲ್ಲ? ಇದು ಇವರ ಔಷಧಿ. ಮೊದಲಿಂದಾನೂ ಇದಾ,’ ಎಂದರು.

ಅವನು ಟವೆಲು ಹೊದ್ದುಕೊಂಡು ಹೋದ. ನನಗೆ ಮೈ ಹಗುರಾದಂತಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಸಂಜೆ ಕೆಳಗೆ ಹೋಗಿ, ಅಂತೂ ಮುಗಿಯಿತಲ್ಲ ಅಕ್ಕಾರೇ ಎಂದೆ. ಅವರು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು, ತಲೆಯೆತ್ತಲಿಲ್ಲ.

‘ಏನು ಮುಗೀತ್ರಿ ಸರ? ನಮ್ಮವರು ಸಾಯಾಕ ಬಿಡ್ರಿ ಅಂತ ಕೈ ಮುಗಿದ್ರು. ಇವ ಸಾಯಬಾರದು. ವಾರಾ ವಾರಾ ಬರಬೇಕು. ಬಂದು ಆ ಮಂದಿ ಮುಂದ ಅಂಗಿ ಎತ್ತಬೇಕು.’

ಹಾಗೇ ನಡೆಯಿತು. ವರ್ಷಗಟ್ಟಲೆ ನಡೆಯಿತು. ಅವನ ಪಾದಗಳನ್ನು ಪ್ರತಿ ವಾರ ಪರೀಕ್ಷೆ ಮಾಡಬೇಕೆಂದು ಅಕ್ಕಾರು ನರ್ಸಿಗೆ ಕಟ್ಟುನಿಟ್ಟು ಮಾಡಿದರು. ಅವನ ಕಾಲು ಹೋಗಬಾರದು, ನಡೆದುಕೊಂಡೇ ಬರಬೇಕು. ಒಂದು ವಾರ ಜ್ವರ ಬಂದು ಮಲಗಿದ್ದವನನ್ನು ಆಟೋ ಕಳಿಸಿ ತರಿಸಿದರು. ಮಳೆಗಾಲದಲ್ಲಿ ಹೊಸ ಚಪ್ಪಲಿ ಕೊಡಿಸಿದರು. ಅಕ್ಕಾರ ಮನಸ್ಸು ಎಷ್ಟು ದೊಡ್ಡದು ಎಂದು ನರ್ಸು ಹುಡುಗಿ ಊರೆಲ್ಲ ಹೇಳಿಕೊಂಡು ಬಂದಳು. ಶತ್ರುವನ್ನು ಕ್ಷಮಿಸಿದ ಕಥೆ ಹುಟ್ಟಿದ್ದು ಅಲ್ಲಿಂದ. ಅವನಿಗೆ ಮಾತ್ರ ನಿಜ ಗೊತ್ತಿತ್ತು. ಆ ಕುರ್ಚಿಯ ಮುಂದೆ ಹಾಯುವಾಗ ಅವನ ಹೆಜ್ಜೆ ತಡವರಿಸುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಅಷ್ಟರಲ್ಲಿ ನನಗೆ ಹೊಸಪೇಟೆಗೆ ವರ್ಗವಾಯಿತು, ಅವ್ವನನ್ನೂ ಅಲ್ಲಿಗೇ ಕರೆತಂದೆ, ಅಲ್ಲೇ ನಿವೃತ್ತನೂ ಆದೆ. ಈ ಕಾರ್ತೀಕದಲ್ಲಿ ಅಕ್ಕಾರಿಗೆ ಎದೆನೋವು ಬಂತು. ನೋಡಲು ಹೋದಾಗ ಮಗಳು ಹತ್ತಿರ ಕೂತಿದ್ದಳು. ಅವಳೀಗ ಸಂಡೂರಿನಲ್ಲಿ ಸಂಸಾರಸ್ಥೆ. ಮುಂದೆ ಆ ಕುರ್ಚಿಯಲ್ಲಿ ನೀನು ಕೂರಬೇಕು ಎಂದು ಅಕ್ಕಾರು ಅವಳಿಗೆ ಹೇಳುತ್ತಿದ್ದರು. ಕ್ಲಿನಿಕ್ಕು ನಡೆಸಿಕೊಂಡು ಹೋಗುತ್ತೇನೆ, ಕೋಣೆಯನ್ನು ಯಾರಿಗೂ ಮಾರುವುದಿಲ್ಲ ಎಂದಳು ಮಗಳು. ಕುರ್ಚಿಯ ಮಾತಿಗೆ ತಲೆಯಲ್ಲಾಡಿಸಿದ್ದು ಅಡ್ಡಡ್ಡ.

‘ನನ್ನ ಓದು ಹೋತು, ಅಪ್ಪ ಹೋದ್ರು. ನನ್ನ ಮುಂದಿನ ದಿನಾನೂ ಅವಗ ಕೊಡಂಗಿಲ್ಲಮ್ಮ,’ ಎಂದಳು. ದನಿಯಲ್ಲಿ ಕಾಠಿಣ್ಯವಿರಲಿಲ್ಲ.

ಅಕ್ಕಾರು ಮಗಳನ್ನು ಬೈಯಲಿಲ್ಲ. ಆಮೇಲೆ ಮುಖ ನನ್ನ ಕಡೆ ತಿರುಗಿಸಿದರು. ಆಗಲಿ, ಕುರ್ಚಿಯಲ್ಲಿ ನಾನು ಕೂರುತ್ತೇನೆ ಎಂದೆ. ಅವರು ದಿಂಬಿಗೆ ಒರಗಿದರು. ಎರಡು ದಿನದ ಮೇಲೆ ಅವರು ಹೋದ ಸುದ್ದಿ ಬಂತು.

ಈಗ ಪ್ರತಿ ಗುರುವಾರ ಬೆಳಿಗ್ಗೆ ನಾನು ಕಂಪ್ಲಿಯ ಬಸ್ಸು ಹಿಡಿಯುತ್ತೇನೆ. ಅವನು ಬರುತ್ತಾನೆ. ಮೊದಲ ವಾರ ಆ ಕುರ್ಚಿಯಲ್ಲಿ ನನ್ನನ್ನು ನೋಡಿ ನಿಂತ. ಅಕ್ಕಾರು ಹೋದರಲ್ಲ, ಇನ್ನು ನೀವು ಯಾಕೆ ಬರುತ್ತೀರಿ ಎಂದು ಮೆಲ್ಲಗೆ ಕೇಳಿದ. ಪಾಪಿನಾಯಕನಹಳ್ಳಿಯಿಂದ ಟೆಂಪೋ ಹತ್ತಿ ಬಂದಿದ್ದ ಒಬ್ಬ ಹೆಂಗಸಿನ ಮಗ ನಾನು ಎಂದೆ. ಅವನು ಬೇರೇನೂ ಕೇಳದೆ ಹೋಗಿ ಸಾಲಿನಲ್ಲಿ ಕೂತ. ಸರದಿ ಬಂದಾಗ ಯಾರೂ ಹೇಳದೆಯೇ ಜನರ ಕಡೆ ತಿರುಗಿ ಅಂಗಿ ಎತ್ತಿದ.

ಸಂಜೆ ಮನೆಗೆ ಬಂದರೆ ಅವ್ವ ಹೊರಸಿನ ಮೇಲೆ ಕೂತಿರುತ್ತಾಳೆ. ನನ್ನ ಚಪ್ಪಲಿಯ ಸದ್ದಿಗೆ ಮುಖ ಈ ಕಡೆ ತಿರುಗುತ್ತದೆ.

‘ಬಂದಿದ್ನೇನು?’

‘ಬಂದಿದ್ದ.’

‘ಹೆಂಗದಾನ?’

‘ಆರಾಮ ಅದಾನ.’

ನಾನು ತಟ್ಟೆ ಮುಂದಿಟ್ಟು ಅವಳ ಕೈಯನ್ನು ಅನ್ನಕ್ಕೆ ಮುಟ್ಟಿಸುತ್ತೇನೆ. ಅವ್ವ ಒಂದು ತುತ್ತು ಕಲಸುತ್ತಾಳೆ.

‘ಇರಲಿ,’ ಅನ್ನುತ್ತಾಳೆ. ‘ಭಾಳ ದಿನ ಇರಲಿ.’